ಅಪ್‌ಡೇಟ್: ನಮ್ಮ ತುಡುವೆ ಜೇನು ಮಳೆಗಾಲ ದಾಟಿತು

ಶಿರಸಿ ಕಡೆಯ ನಮ್ಮ ತೋಟದ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಜೇನು) ಪೆಟ್ಟಿಗೆಯಲ್ಲಿ ಜೇನುಹುಳ ಕಡಿಮೆಯಾಗುತ್ತಿವೆ, ಎರಿಯಲ್ಲಿ (ಹುಳ ಕಟ್ಟುವ ಮೇಣದ ಹಲ್ಲೆಯಲ್ಲಿ) ಬಲೆ ಕಟ್ಟಿದೆ, ಏನು ಮಾಡಲಿ ಅಂತ ಜೂನ್‌ನಲ್ಲಿ ಕೇಳಿದ್ದೆ. ಅದು ಮೇಣದ ಪತಂಗದ ಕಾಟವೇ, ಅದರ ಮರಿಹುಳು ಎರಿ ತಿಂದು ಬಲೆ ಕಟ್ಟುತ್ತದೆ. ನೀವು ಹೇಳಿದಂತೆ ಹುಳ ಕೂರದ ಹಳೇ ಎರಿ ತೆಗೆದೆ, ತಳಹಲಗೆ ಗುಡಿಸಿ ಬಾಗಿಲು ಕಿರಿದು ಮಾಡಿದೆ. ಹುಳಗಳ ಆಹಾರಕ್ಕೆ ಸಕ್ಕರೆ ಪಾಕವನ್ನು ಸಂಜೆ ಮಾತ್ರ ಕೊಟ್ಟೆ. ಹಗಲು ಕೊಟ್ಟರೆ ಬೇರೆ ಪೆಟ್ಟಿಗೆಯ ಹುಳಗಳು ದೋಚಲು ಬರುತ್ತವೆ ಅಂದಿದ್ದಿರಿ, ಆ ಒಂದು ಸಲಹೆ ತುಂಬಾ ಉಪಯೋಗಕ್ಕೆ ಬಂತು. ಆಗಸ್ಟ್‌ವರೆಗೂ ಜಾಸ್ತಿ ಹೆದರಿಕೆ ಇತ್ತು.

ಈಗ ದೀಪಾವಳಿ ಮುಗಿದಿದೆ. ಹುಳಗಳು ಕಾಲಿಗೆ ಪರಾಗ ಅಂಟಿಸಿಕೊಂಡು ಬರುತ್ತಿವೆ, ಎರಿ ತುಂಬಾ ಮರಿ. ತುಂಬಾ ಖುಷಿಯಾಗಿದೆ! ಎರಿಯ ಅಂಚಲ್ಲಿ ರಾಣಿ ಕೋಶ (ಹೊಸ ರಾಣಿ ಬೆಳೆಯುವ ಗೂಡು) ಕಂಡರೆ ಹುಳಗಳನ್ನು ಎರಡು ಪೆಟ್ಟಿಗೆಗೆ ಪಾಲು ಮಾಡುತ್ತೇನೆ. ಪಾಲು ಮಾಡದಿದ್ದರೆ ಹಿಂಡು ಹಾರಿಹೋಗುತ್ತದೆ ಅಲ್ವಾ? ಜೇನುತುಪ್ಪಕ್ಕೆ ಬೇಸಿಗೆವರೆಗೂ ಕಾಯುತ್ತೇನೆ.