ರಶೀದಿಯಲ್ಲಿ ‘ಅಕ್ಕಿ’ ಒಡೆದು ‘ಅಕ್‌ಕಿ’ ಆಗಿದೆ. 700 ಕಮಿಟ್‌ಗಳಲ್ಲಿ ಕೆಡಿಸಿದ್ದು ಯಾವುದು?

ಪ್ರಶ್ನೆ

ಪೈಥಾನ್ ಅಪ್ಲಿಕೇಶನ್, ರಶೀದಿಯ ಚಿತ್ರ ಬರೆಯುವುದು ಪಿಲ್ಲೋ ಲೈಬ್ರರಿ. ಅಪ್ಲಿಕೇಶನ್ನಿನ 2.4 ಆವೃತ್ತಿಯಲ್ಲಿ ಕನ್ನಡ ಸರಿಯಿತ್ತು, 2.7ರಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿ. ನಡುವೆ ಸುಮಾರು 700 ಕಮಿಟ್‌ಗಳಿವೆ (ಗಿಟ್‌ನಲ್ಲಿ ದಾಖಲಾದ ಕೋಡ್ ಬದಲಾವಣೆಗಳು). ರಶೀದಿ ಫೋಲ್ಡರಿನ ಗಿಟ್ ಲಾಗ್ ಪೂರ್ತಿ ನೋಡಿದರೂ ಫಾಂಟಿನ ತಂಟೆಗೆ ಹೋದ ಕಮಿಟ್ ಒಂದೂ ಇಲ್ಲ. ಬೈಸೆಕ್ಟ್ (ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತ ಕೆಡಿಸಿದ್ದನ್ನು ಹುಡುಕುವ ಗಿಟ್ ಆಜ್ಞೆ) ಮಾಡೋಣವೆಂದರೆ ಕೆಲವು ಕಮಿಟ್‌ಗಳು ಬಿಲ್ಡೇ ಆಗುವುದಿಲ್ಲ. ಪ್ರತಿ ಸಲ ಕಣ್ಣಲ್ಲೇ ನೋಡಬೇಕಾ, ಸ್ಕ್ರಿಪ್ಟ್‌ಗೆ ಬಿಡಬಹುದಾ?

ಉತ್ತರ 1

700 ಅಂದರೆ ಹೆಚ್ಚುಕಮ್ಮಿ ಹತ್ತು ಸುತ್ತು, ಅಷ್ಟೇ. ಶುರು ಮಾಡುವ ಮೊದಲು 2.4 ಅನ್ನು ಇವತ್ತು ಮತ್ತೆ ಚೆಕೌಟ್ ಮಾಡಿ (ಅಂದರೆ ಆ ಹಳೆಯ ಕೋಡಿಗೆ ಹೋಗಿ), ಬಿಲ್ಡ್ ಮಾಡಿ, ರಶೀದಿ ತೆಗೆದು ನೋಡಿ. ‘ಆಗ ಸರಿಯಿತ್ತು’ ಎಂಬ ನೆನಪು ಸಾಲದು. ಅದೂ ಕೆಟ್ಟೇ ಬಂದರೆ ತಪ್ಪು ಕೋಡಿನ ಹೊರಗಿದೆ, ಬೈಸೆಕ್ಟ್ ಮಾಡಿ ಫಲವಿಲ್ಲ.

‘ಗಿಟ್ ಬೈಸೆಕ್ಟ್ ಸ್ಟಾರ್ಟ್’ ಮುಂದೆ ಮೊದಲು ಕೆಟ್ಟ ಆವೃತ್ತಿ, ಆಮೇಲೆ ಸರಿಯಿದ್ದದ್ದು. ತಿರುಗುಮುರುಗಾದರೆ ಗುಡ್-ಬ್ಯಾಡ್ ಅದಲುಬದಲಾಯಿತೇನೋ ಎಂದು ಗಿಟ್ಟೇ ಕೇಳುತ್ತದೆ. ಬಿಲ್ಡ್ ಆಗದ ಕಡೆ ‘ಬ್ಯಾಡ್’ ಅನ್ನಬೇಡಿ, ‘ಸ್ಕಿಪ್’ ಅನ್ನಿ. ಒಂದೇ ಒಂದು ಸುಳ್ಳು ಉತ್ತರ ಸಾಕು, ಮುಂದಿನ ಸುತ್ತುಗಳೆಲ್ಲ ತಪ್ಪು ಅರ್ಧದಲ್ಲೇ ಹುಡುಕಿ ಯಾವುದೋ ಪಾಪದ ಕಮಿಟ್ ತಲೆಗೆ ಕಟ್ಟುತ್ತವೆ. ತಪ್ಪು ಹೇಳಿದ್ದು ಆಮೇಲೆ ಗೊತ್ತಾದರೆ ಮೊದಲಿನಿಂದ ಬೇಡ: ‘ಬೈಸೆಕ್ಟ್ ಲಾಗ್’ ಅನ್ನು ಫೈಲಿಗೆ ಇಳಿಸಿ, ಆ ಸಾಲು ತಿದ್ದಿ, ‘ರೀಸೆಟ್’ ಮಾಡಿ ‘ರೀಪ್ಲೇ’ ಕೊಡಿ.

ಎಲ್ಲ ಕೆಲಸವೂ ಬೇರೆ ಬ್ರಾಂಚಿನಲ್ಲಿ (ಕೋಡಿನ ಕವಲಿನಲ್ಲಿ) ನಡೆದು, ಮರ್ಜ್ ಆಗಿಯೇ ಮುಖ್ಯ ಬ್ರಾಂಚಿಗೆ ಬರುವುದಾದರೆ ‘ಫಸ್ಟ್-ಪೇರೆಂಟ್’ ಆಯ್ಕೆ ಹಾಕಿ (ಗಿಟ್ 2.29ರಿಂದ ಇದೆ). ಬ್ರಾಂಚಿನೊಳಗಿನ ಅರೆಬೆಂದ ಕಮಿಟ್‌ಗಳಿಗೆ ಹೋಗುವುದೇ ಇಲ್ಲ. ನಿಮ್ಮ ಬಿಲ್ಡ್ ತೊಂದರೆ ಬಹುಪಾಲು ಅಲ್ಲಿಗೇ ಮುಗಿಯುತ್ತದೆ.

ಉತ್ತರ 2

ಸ್ಕ್ರಿಪ್ಟ್‌ಗೆ ಖಂಡಿತ ಬಿಡಬಹುದು, ‘ಬೈಸೆಕ್ಟ್ ರನ್’ ಇರುವುದೇ ಅದಕ್ಕೆ. ಸ್ಕ್ರಿಪ್ಟ್ ಮುಗಿಯುವಾಗ ಕೊಡುವ ಅಂಕಿ, ಅಂದರೆ ಎಕ್ಸಿಟ್ ಕೋಡ್, 0 ಆದರೆ ಗುಡ್, 125 ಅಂದರೆ ಸ್ಕಿಪ್, 1ರಿಂದ 127ರವರೆಗಿನ ಉಳಿದದ್ದು ಬ್ಯಾಡ್, 128 ಮತ್ತು ಮೇಲಿನದ್ದಕ್ಕೆ ಹುಡುಕಾಟವೇ ನಿಲ್ಲುತ್ತದೆ. ಪ್ರೋಗ್ರಾಂ ಸೆಗ್‌ಫಾಲ್ಟ್ ಆದರೆ (ಮೆಮೊರಿ ತಪ್ಪಿನಿಂದ ಕುಸಿದರೆ) ಶೆಲ್ ಕೊಡುವುದು 139, ಅದನ್ನು ನೀವೇ ಹಿಡಿದು 1 ಅಥವಾ 125 ಮಾಡಬೇಕು. ಬಿಲ್ಡ್ ಸಾಲಿನ ಕೊನೆಗೆ ‘ಇಲ್ಲದಿದ್ದರೆ ಎಕ್ಸಿಟ್ 125’ ಮರೆಯಬೇಡಿ.

ಸ್ಕ್ರಿಪ್ಟ್ ಮತ್ತು ಮಾದರಿ ಚಿತ್ರಗಳು ರೆಪೊದ (ಗಿಟ್ ನೋಡಿಕೊಳ್ಳುವ ಕೋಡ್ ಫೋಲ್ಡರಿನ) ಹೊರಗಿರಲಿ. ಒಳಗೆ ಕಮಿಟ್ ಆಗಿದ್ದರೆ ಚೆಕೌಟ್ ಆದಾಗಲೆಲ್ಲ ಹಳೆಯ ರೂಪಕ್ಕೆ ಹೋಗುತ್ತವೆ, ಅಥವಾ ಮಾಯವೇ ಆಗುತ್ತವೆ.

ಇಡೀ ರಶೀದಿ ಹೋಲಿಸಬೇಡಿ. ಯಾರೋ ಮಾರ್ಜಿನ್ ಬದಲಿಸಿದ ಕಮಿಟ್ ಕೂಡ ಬ್ಯಾಡ್ ಅನ್ನಿಸಿಕೊಳ್ಳುತ್ತದೆ. ‘ಅಕ್ಕಿ’ ಎಂಬ ಒಂದೇ ಪದವನ್ನು ಅದೇ ಫಾಂಟ್, ಅದೇ ಅಳತೆಯಲ್ಲಿ ಪಿಎನ್‌ಜಿ ಆಗಿ ಬರೆಸಿ, 2.4ರ ಚಿತ್ರ ಮತ್ತು 2.7ರ ಚಿತ್ರ ಎರಡರ ಜೊತೆಗೂ ಹೋಲಿಸಿ. ಮೊದಲನೆಯದಕ್ಕೆ ಹೊಂದಿದರೆ 0, ಎರಡನೆಯದಕ್ಕೆ ಹೊಂದಿದರೆ 1, ಎರಡಕ್ಕೂ ಹೊಂದದಿದ್ದರೆ 125. ಇಮೇಜ್‌ಮ್ಯಾಜಿಕ್‌ನ ‘ಕಂಪೇರ್’ ಬಳಸುವುದಾದರೆ ಎಚ್ಚರ: ಅದು ಫೈಲ್ ಸಿಗದಿದ್ದಾಗ 2 ಕೊಡುತ್ತದೆ, ನೇರ ದಾಟಿಸಿದರೆ ಅದೂ ಬ್ಯಾಡ್.

ಪ್ರಶ್ನೆ ಕೇಳಿದವರು

ಲ್ಯಾಪ್‌ಟಾಪ್‌ನಲ್ಲಿ 2.7 ಕೂಡ ಸರಿಯಾಗೇ ಬರುತ್ತಿದೆ! ಡಾಕರ್ ಕಂಟೇನರಿನಲ್ಲಿ (ಅಪ್ಲಿಕೇಶನ್ನನ್ನು ಅದರದ್ದೇ ಲೈಬ್ರರಿಗಳ ಜೊತೆ ಪ್ರತ್ಯೇಕವಾಗಿ ಓಡಿಸುವ ಪೆಟ್ಟಿಗೆ) ಮಾತ್ರ ಒತ್ತು ಒಡೆಯುತ್ತದೆ.

ಉತ್ತರ 3

ಹಾಗಾದರೆ ಕಳ್ಳ ರಶೀದಿ ಫೋಲ್ಡರಿನಲ್ಲಿಲ್ಲ, ಡಾಕರ್‌ಫೈಲಿನಲ್ಲಿದ್ದಾನೆ (ಕಂಟೇನರಿನ ಇಮೇಜ್ ಕಟ್ಟುವ ವಿಧಾನ ಬರೆದ ಫೈಲ್). ಕನ್ನಡದ ಒತ್ತು, ಅರ್ಕಾವೊತ್ತು ಜೋಡಿಸಲು ಪಿಲ್ಲೋಗೆ ರಾಕ್ಮ್ ಎಂಬ ಅಕ್ಷರ ಜೋಡಣೆಯ ಲೈಬ್ರರಿ ಬೇಕು. 8.2ರಿಂದೀಚೆಗಿನ ಪಿಲ್ಲೋ ವೀಲ್‌ಗಳಲ್ಲಿ (ಸಿದ್ಧ ಪ್ಯಾಕೇಜ್‌ಗಳಲ್ಲಿ) ರಾಕ್ಮ್ ಒಳಗೇ ಇರುತ್ತದೆ, ಆದರೆ ಅಕ್ಷರಗಳ ದಿಕ್ಕು ನೋಡಿಕೊಳ್ಳುವ ಫ್ರಿಬಿಡಿ ಲೈಬ್ರರಿಯನ್ನು ಅದು ಓಡುವಾಗ ಸಿಸ್ಟಮ್‌ನಿಂದ ಎತ್ತಿಕೊಳ್ಳುತ್ತದೆ. ಫ್ರಿಬಿಡಿ ಇಲ್ಲದಿದ್ದರೆ ಎರರ್ ಇಲ್ಲ, ಸದ್ದಿಲ್ಲದೆ ಬೇಸಿಕ್ ಲೇಔಟ್‌ಗೆ ಇಳಿದು ಒಂದೊಂದೇ ಅಕ್ಷರ ಸಾಲಾಗಿ ಇಡುತ್ತದೆ. ಯಾರೋ ಬೇಸ್ ಇಮೇಜನ್ನು (ಕಂಟೇನರಿನ ತಳಪಾಯ) ಕಡಿಮೆ ಲೈಬ್ರರಿಗಳಿರುವ ಸ್ಲಿಮ್‌ಗೆ ಬದಲಿಸಿದಾಗ ಹೀಗಾಗುವುದುಂಟು. ಕಂಟೇನರಿನೊಳಗೆ ಪಿಲ್ಲೋದ ಫೀಚರ್ಸ್ ಮಾಡ್ಯೂಲಿನ ‘ಚೆಕ್’ ಫಂಕ್ಷನ್‌ಗೆ ‘ರಾಕ್ಮ್’ ಕೊಟ್ಟು ನೋಡಿ, ‘ಫಾಲ್ಸ್’ ಬಂದರೆ ಇದೇ.

ಚಿತ್ರ ಹೋಲಿಕೆ ಬಿಟ್ಟುಬಿಡಿ, ಈ ಒಂದು ಸಾಲೇ ಟೆಸ್ಟ್. ‘ರನ್’ ಸ್ಕ್ರಿಪ್ಟ್ ಪ್ರತಿ ಕಮಿಟ್‌ನಲ್ಲೂ ‘ಡಾಕರ್ ಬಿಲ್ಡ್’ ಮಾಡಿ ಆ ಇಮೇಜಿನೊಳಗೇ ಚೆಕ್ ಓಡಿಸಲಿ. ಹುಡುಕಾಟವನ್ನು ಡಾಕರ್‌ಫೈಲ್ ಮತ್ತು ಲಾಕ್ ಫೈಲಿನ (ಲೈಬ್ರರಿಗಳ ಆವೃತ್ತಿಗಳ ಪಟ್ಟಿ) ಪಾಥ್‌ಗೆ ಸೀಮಿತಗೊಳಿಸಿದರೆ 700 ಹೋಗಿ ಬೆರಳೆಣಿಕೆಯಷ್ಟು ಉಳಿಯುತ್ತವೆ.

ಒಂದು ಬಲೆ ಇದೆ. ಬೇಸ್ ಇಮೇಜಿನ ಟ್ಯಾಗ್ ಬರೀ ‘ಲೇಟೆಸ್ಟ್’ ಅಥವಾ ‘ಸ್ಲಿಮ್’ ಆಗಿದ್ದರೆ ಹಳೆಯ ಕಮಿಟ್ ಕೂಡ ಇವತ್ತಿನ ಇಮೇಜಿನ ಮೇಲೇ ಬಿಲ್ಡ್ ಆಗುತ್ತದೆ. ಆಗ 2.4 ಕೂಡ ಕೆಟ್ಟು ಕಾಣಬಹುದು. ಮೊದಲ ಉತ್ತರದಲ್ಲಿ 2.4 ಮತ್ತೆ ನೋಡಿ ಅಂದದ್ದು ಇಂಥದ್ದಕ್ಕೇ. ಹಾಗಾದರೆ ರಿಜಿಸ್ಟ್ರಿಯಲ್ಲಿ (ಇಮೇಜ್‌ಗಳ ಉಗ್ರಾಣ) ಉಳಿದಿರುವ ಹಳೆಯ ಇಮೇಜ್‌ಗಳನ್ನೇ ಎಳೆದು ಅರ್ಧರ್ಧ ಮಾಡುತ್ತ ಚೆಕ್ ಓಡಿಸಿ.

ಕಮಿಟ್ ಸಿಕ್ಕಮೇಲೆ ಡಾಕರ್‌ಫೈಲಿಗೆ ‘ಲಿಬ್‌ಫ್ರಿಬಿಡಿ0’ ಸೇರಿಸಿ (ಡೆಬಿಯನ್, ಉಬುಂಟುಗಳಲ್ಲಿ ಈ ಹೆಸರು), ಬೇಸ್ ಇಮೇಜನ್ನು ಡೈಜೆಸ್ಟ್ (ಇಮೇಜಿನ ಬದಲಾಗದ ಗುರುತು) ಕೊಟ್ಟು ಪಿನ್ ಮಾಡಿ, ಅದೇ ರಾಕ್ಮ್ ಚೆಕ್ ಅನ್ನು ಸಿಐಯಲ್ಲಿ (ಕೋಡ್ ಬದಲಾದಾಗ ತಾನಾಗಿ ಪರೀಕ್ಷೆ ನಡೆಸುವ ವ್ಯವಸ್ಥೆ) ಕಂಟೇನರಿನೊಳಗೆ ಓಡುವಂತೆ ಹಾಕಿ. ‘ಗಿಟ್ ಬೈಸೆಕ್ಟ್ ರೀಸೆಟ್’ ಮಾಡದೆ ಕಮಿಟ್ ಮಾಡಲು ಹೋಗಬೇಡಿ, ಹೆಡ್ ಇನ್ನೂ ಡಿಟ್ಯಾಚ್ ಆಗಿಯೇ, ಅಂದರೆ ಯಾವ ಬ್ರಾಂಚಿನ ಮೇಲೂ ಇಲ್ಲದೆ, ಇರುತ್ತದೆ.