ಅಪ್‌ಡೇಟ್: ಮಿನಿವ್ಯಾನ್ ಬಾಗಿಲು, ನಡುಕ, ವಾರಂಟಿ ಮೂರೂ ಎಲ್ಲಿಗೆ ಬಂತು

ನಮ್ಮ 11 ವರ್ಷದ ಮಿನಿವ್ಯಾನಿನ ಸ್ಲೈಡಿಂಗ್ ಡೋರ್ ಅರ್ಧಕ್ಕೆ ನಿಂತು ವಾಪಸ್ ತೆರೆದುಕೊಳ್ಳುತ್ತೆ, ನಿಧಾನ ವೇಗದಲ್ಲಿ ಗಾಡಿ ನಡುಗುತ್ತೆ, ಎಕ್ಸ್‌ಟೆಂಡೆಡ್ ವಾರಂಟಿಯವರು ‘ಇದು ಸವೆತ’ ಅಂತ ಕೈತೊಳೆದುಕೊಂಡಿದ್ದಾರೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಪ್ರಶ್ನೆ ಹಾಕಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಬಾಗಿಲಿನ ಮೋಟಾರ್ ಹೋಗಿರಲೇ ಇಲ್ಲ! ಕೆಳಗಿನ ರೋಲರ್ ಸವೆದು ಬಾಗಿಲು ಸ್ವಲ್ಪ ಜೋತುಬಿದ್ದಿತ್ತು, ಹಳಿಯಲ್ಲಿ ಮಣ್ಣು ಗಟ್ಟಿಯಾಗಿತ್ತು. ತಡೆ ಸಿಕ್ಕಿತೆಂದು ತಿಳಿದು ಬಾಗಿಲು ಹಿಂದೆ ಸರಿಯುತ್ತಿತ್ತು. ಜೊತೆಗೆ, ಬಾಗಿಲು ಚಲಿಸಿದಾಗಲೆಲ್ಲ ಬಾಗುವ ವೈರಿಂಗಿನಲ್ಲಿ ಒಂದು ತಂತಿ ಒಳಗೇ ತುಂಡಾಗಿತ್ತು. ಮೊದಲೇ ಮೋಟಾರ್ ಹಾಕಿಸಿದ್ದರೆ ದುಡ್ಡು ನೀರುಪಾಲಾಗುತ್ತಿತ್ತು.

ವಾರಂಟಿ ವಿಷಯದಲ್ಲಿ ನಿಮ್ಮ ಸಲಹೆಯೇ ಕೆಲಸ ಮಾಡಿತು. ಯಾವ ಷರತ್ತಿನ ಪ್ರಕಾರ ನಿರಾಕರಿಸಿದಿರಿ ಅಂತ ಬರಹದಲ್ಲಿ ಕೇಳಿದೆ. ಕರಾರಿನಲ್ಲಿ ರೋಲರ್ ಸವೆಯುವ ಭಾಗವೆಂದೇ ಇತ್ತು, ಅದನ್ನು ಒಪ್ಪಿಕೊಂಡೆ. ವೈರಿಂಗ್ ಮಾತ್ರ ರಕ್ಷಣೆಯ ಪಟ್ಟಿಯಲ್ಲಿತ್ತು. ಹಳೆಯ ಸರ್ವೀಸ್ ರಸೀದಿಗಳನ್ನು ಕಳಿಸಿದ ಮೇಲೆ ಅದಕ್ಕೆ ಒಪ್ಪಿಗೆ ಬಂತು. ಒಪ್ಪಿಗೆ ಬರುವ ತನಕ ಏನನ್ನೂ ಬಿಚ್ಚಿಸಲಿಲ್ಲ. ಬಿಚ್ಚಿದ ಮೇಲೆ ಕೇಳಿದರೆ ಕ್ಲೇಮ್ ತಿರಸ್ಕರಿಸಲು ಅದೇ ಸಾಕಂತೆ.

ನಡುಕಕ್ಕೆ ಗೇರ್‌ಬಾಕ್ಸ್ ಆಯಿಲ್ ಕಾರಣ. ಒಮ್ಮೆ ಬಸಿದರೆ ಒಂದು ಪಾಲು ಮಾತ್ರ ಹೊರಬರುತ್ತೆ, ಉಳಿದದ್ದು ಹೆಚ್ಚಾಗಿ ಟಾರ್ಕ್ ಕನ್ವರ್ಟರಿನಲ್ಲೇ (ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ನಿಲ್ಲುತ್ತೆ. ಅದಕ್ಕೇ ತಯಾರಕರು ಹೇಳಿದ ದರ್ಜೆಯದನ್ನೇ 3 ಸಲ ಬದಲಿಸಿದೆವು. ಈಗ ಏರು ಹತ್ತುವಾಗ ಒಮ್ಮೊಮ್ಮೆ ಸ್ವಲ್ಪ ಅದುರುತ್ತೆ, ಅಷ್ಟೇ.

ಚಾಸಿಸ್ ಸಂಖ್ಯೆ ಹಾಕಿ ರೀಕಾಲ್ (ದೋಷ ಸರಿಪಡಿಸಲು ತಯಾರಕರೇ ಗಾಡಿ ವಾಪಸ್ ಕರೆಯುವುದು) ಕೂಡ ನೋಡಿದೆ, ಬಾಕಿ ಯಾವುದೂ ಇಲ್ಲ. ಹಿಂದಿನ ಸೀಟುಗಳ ಕಡೆಯ ಎಸಿ ಮಾತ್ರ ಇನ್ನೂ ತಣ್ಣಗಾಗುತ್ತಿಲ್ಲ. ಗಾಡಿಯಡಿಯ ಪೈಪಿನಲ್ಲಿ ಸೋರಿಕೆ ಇದೆಯೇ ಅಂತ ಮುಂದಿನ ವಾರ ಪರೀಕ್ಷಿಸುತ್ತಾರೆ.