ರಸ್ತೆ ಸುರಕ್ಷತೆಯ ಸೈಕಲ್ ಜಾಥಾ: ಭಾನುವಾರ ಬೆಳಿಗ್ಗೆಯೋ, ಕೆಲಸದ ದಿನ ಸಂಜೆಯೋ?

ಜಯನಗರದ ಸೈಕಲ್ ಸವಾರ: ನಮ್ಮ ಬಡಾವಣೆಯವರು ರಸ್ತೆ ಸುರಕ್ಷತೆಗಾಗಿ ಭಾನುವಾರ ಬೆಳಿಗ್ಗೆ ಆರಕ್ಕೆ ಸೈಕಲ್ ಜಾಥಾ ನಡೆಸಲು ನಿರ್ಧರಿಸಿದ್ದಾರೆ. ನಾನು ಖಂಡಿತ ಭಾಗವಹಿಸುತ್ತೇನೆ. ಆದರೆ ಖಾಲಿ ರಸ್ತೆಯಲ್ಲಿ ಸಾಗಿದರೆ ನಾವು ದಿನವೂ ಎದುರಿಸುವ ಅಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಬಸ್ಸಿನ ಕನ್ನಡಿ ಬಡಿದು ಮೃತಪಟ್ಟ ಸವಾರರೊಬ್ಬರ ನೆನಪಿಗಾಗಿ 2003ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಆರಂಭವಾದ ಮೌನ ಸವಾರಿ ಇಂದಿಗೂ ಮೇ ತಿಂಗಳ ಮೂರನೆಯ ಬುಧವಾರ, ಅಂದರೆ ಕೆಲಸದ ದಿನವೇ, ನಡೆಯುತ್ತದೆ. ನಮ್ಮದೂ ಹಾಗೆಯೇ ಆಗಲಿ.

ನಿವೃತ್ತ ಶಿಕ್ಷಕಿ: ಸಂಜೆಯ ದಟ್ಟಣೆಗೆ ಹತ್ತು ವರ್ಷದ ಮಕ್ಕಳನ್ನು ಕಳುಹಿಸಲು ಯಾವ ತಂದೆತಾಯಿಯೂ ಒಪ್ಪುವುದಿಲ್ಲ. ಶಾಲೆಗೆ ಸೈಕಲ್‌ನಲ್ಲಿ ಹೋಗಬೇಕಾದ ಆ ಮಕ್ಕಳನ್ನೇ ಬಿಟ್ಟು ನಡೆಸುವ ಜಾಥಾ ಯಾರಿಗಾಗಿ?

ಜಯನಗರದ ಸೈಕಲ್ ಸವಾರ: ಮೇಡಂ, ತಂದೆತಾಯಿಯ ಆ ಭಯವನ್ನೇ ನಾವು ಆಡಳಿತದ ಮುಂದಿಡಬೇಕು. ನೆದರ್ಲೆಂಡ್ಸ್‌ನಲ್ಲಿ 1971ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು ಸತ್ತಾಗ, ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಜನ ಬೀದಿಗಿಳಿದು, ಸೈಕಲ್ ಮೆರವಣಿಗೆಗಳನ್ನೂ ನಡೆಸಿದರು. ಇಂದು ಅಲ್ಲಿ ಕಾಣುವ ಪ್ರತ್ಯೇಕ ಸೈಕಲ್ ಪಥಗಳ ಹಿಂದೆ ಆ ಹೋರಾಟದ ಒತ್ತಡವಿದೆ.

ಬಸ್ ಚಾಲಕ: ದಿನ ಯಾವುದೇ ಇರಲಿ, ನನ್ನದೊಂದು ಮನವಿ. ಎಡಕ್ಕೆ ತಿರುಗುವ ಬಸ್ಸಿನ ಪಕ್ಕಕ್ಕೆ ಅಂಟಿಕೊಂಡು ಬರುವ ಸೈಕಲ್ ನಮ್ಮ ಕನ್ನಡಿಯಲ್ಲಿ ಅನೇಕ ಸಲ ಕಾಣುವುದೇ ಇಲ್ಲ. ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಒಳಗಿನಿಂದ ತಿರುಗುವುದರಿಂದ ಅಲ್ಲಿರುವ ಸವಾರ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಸಿಕ್ಕಿಕೊಳ್ಳುತ್ತಾನೆ. ಜಾಥಾ ಹೊರಡುವ ಮೈದಾನದಲ್ಲಿ ಒಂದು ಬಸ್ ನಿಲ್ಲಿಸಿ, ಸವಾರರನ್ನು ಚಾಲಕರ ಸೀಟಿನಲ್ಲಿ ಕೂರಿಸಿ, ಕಾಣದ ಜಾಗ ಎಷ್ಟಿದೆಯೆಂದು ತೋರಿಸಿ. ನಮ್ಮಂಥ ಚಾಲಕರನ್ನೂ ಸೈಕಲ್ ಹತ್ತಿಸಿ; ಪಕ್ಕದಲ್ಲೇ ಬಸ್ ಹಾದುಹೋದಾಗ ಎದೆ ಹೇಗೆ ನಡುಗುತ್ತದೆಂದು ನಮಗೂ ತಿಳಿಯಬೇಕು.

ನಾಲ್ಕನೇ ಬ್ಲಾಕ್ ನಿವಾಸಿ: ಚಾಲಕರ ಮಾತು ಇಲ್ಲಿಯ ಎಲ್ಲ ವಾದಗಳಿಗಿಂತ ತೂಕದ್ದು. ಇದರ ಜೊತೆಗೆ ಜಾಥಾಕ್ಕೆ ಸ್ಪಷ್ಟ ಬೇಡಿಕೆಯೊಂದು ಬೇಕು. ಜಯನಗರದಲ್ಲಿ ಮಾಡಿದ ಸೈಕಲ್ ಪಥಗಳ ಮೇಲೆ ಕಾರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಬೇರ್ಪಡಿಸಿದ ಪಥಕ್ಕೆ ಬೈಕುಗಳು ನುಗ್ಗಿದವು. ಬಣ್ಣ ಬಳಿದ ಗೆರೆಯನ್ನು ಕಾಯುವವರು ಯಾರೆಂದು ಲಿಖಿತವಾಗಿ ಕೇಳೋಣ.

ನಿವೃತ್ತ ಶಿಕ್ಷಕಿ: ಬೇಡಿಕೆಗೆ ನನ್ನ ಸಹಿ ಇದೆ. ಸಂಜೆಯ ಜಾಥಾಕ್ಕೆ ಮಾತ್ರ ನಾನಿನ್ನೂ ಒಪ್ಪಿಲ್ಲ. ಪ್ರತಿ ತಿರುವಿನಲ್ಲೂ ಹಿರಿಯರೊಬ್ಬರು ನಿಲ್ಲುವ ವ್ಯವಸ್ಥೆಯಾದರೆ ಮೊದಲು ಆ ಪಟ್ಟಿಯನ್ನು ಪ್ರಕಟಿಸಿ, ಆಮೇಲೆ ಮಕ್ಕಳ ತಾಯಂದಿರೊಂದಿಗೆ ಮಾತನಾಡುತ್ತೇನೆ.